ಹತ್ತು ಬಣ್ಣಗಳ ವೇಳಾಪಟ್ಟಿ

ಬುಗುರಿಯ ಅಮ್ಮ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಏಳು ವರ್ಷ ದುಡಿದವಳು. ಅಲ್ಲಿ ಅಂಟಿಕೊಂಡ ಅಭ್ಯಾಸಗಳು ಕೆಲಸ ಬಿಟ್ಟ ಮೇಲೂ ಅವಳನ್ನು ಬಿಟ್ಟಿರಲಿಲ್ಲ. ಅಡುಗೆಮನೆಯ ಪ್ರತಿ ಡಬ್ಬಿಯ ಮೇಲೂ ಒಳಗಿರುವ ಪದಾರ್ಥದ ಹೆಸರಷ್ಟೇ ಅಲ್ಲ, ತುಂಬಿಸಿದ ದಿನಾಂಕವೂ ಇರುತ್ತಿತ್ತು. ಗಂಡ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಅರೆಬರೆ ಮುಚ್ಚಿದರೆ ಅವಳು ಬೈಯುತ್ತಿರಲಿಲ್ಲ; ಒಂದು ಪುಸ್ತಕದಲ್ಲಿ ವೇಳೆ ಸಮೇತ ಬರೆದಿಡುತ್ತಿದ್ದಳು. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂಬುದು ಲಿಫ್ಟ್ ರಿಪೇರಿಯವನಾದ ಆ ಗಂಡನ ಅಭಿಪ್ರಾಯವಾಗಿತ್ತು.

ಇಂಥವಳು ಒಂಬತ್ತು ವರ್ಷದ ಮಗಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಪಾಠ ಹೇಳಲು ಹೊರಟಾಗ, ಪುಸ್ತಕ ಕೊಳ್ಳುವುದಕ್ಕೂ ಮೊದಲು ವೇಳಾಪಟ್ಟಿ ಬರೆದಳೆಂದರೆ ಆಶ್ಚರ್ಯವಿಲ್ಲ. ಊಟದ ಮೇಜಿನ ಎದುರಿನ ಗೋಡೆಯನ್ನು ಅದು ಮುಕ್ಕಾಲು ಪಾಲು ಆವರಿಸಿತ್ತು. ಬೆಳಗಿನ ಆರೂವರೆಯಿಂದ ಸಂಜೆ ಐದರವರೆಗೆ ಇಪ್ಪತ್ತೈದು ನಿಮಿಷಗಳ ಚೌಕಗಳು. ಪ್ರತಿ ಎರಡು ಚೌಕಗಳ ನಡುವೆ 'ಪರಿವರ್ತನಾವಧಿ' ಎಂಬ ಐದು ನಿಮಿಷದ ಬೂದು ಪಟ್ಟಿ. ಗಣಿತಕ್ಕೆ ನೀಲಿ, ಓದಿಗೆ ಹಸಿರು, ಹೀಗೆ ಒಟ್ಟು ಹತ್ತು ಬಣ್ಣಗಳು. ಮಂಗಳವಾರ ಮತ್ತು ಶುಕ್ರವಾರ ಮೂರೂವರೆಯಿಂದ ಮೂರು ಐವತ್ತೈದರವರೆಗೆ ಕಿತ್ತಳೆ ಬಣ್ಣದಲ್ಲಿ 'ಸ್ವಯಂಪ್ರೇರಿತ ಕುತೂಹಲ' ಎಂದು ಬರೆದಿತ್ತು.

"ಮಿಕ್ಕ ಹೊತ್ತಲ್ಲಿ ಕುತೂಹಲ ಬಂದ್ರೆ?" ಎಂದು ಗಂಡ ಕೇಳಿದ್ದ.

"ಬರೆದಿಟ್ಟುಕೊಂಡು ಶುಕ್ರವಾರ ಕೇಳಬೇಕು," ಎಂದಿದ್ದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಶಾಲೆ ಬಿಡಿಸಿದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ಕಾಲು ನಿಲ್ಲದೆ ಸುತ್ತುತ್ತ, ಬಾಯಿ ನಿಲ್ಲದೆ ಮಾತಾಡುತ್ತಿದ್ದ ಮಗಳಿಗೆ ಬುಗುರಿ ಎಂಬ ಹೆಸರು ತಾನಾಗಿಯೇ ಬಂದಿತ್ತು. ಶಾಲೆಯಲ್ಲಿ ಆ ಬುಗುರಿ ನಿಂತುಹೋಗಿತ್ತು. ಯಾರೂ ಹೊಡೆದಿರಲಿಲ್ಲ, ಬೈದೂ ಇರಲಿಲ್ಲ. ಒಂದು ದಿನ ಎದ್ದು ನಿಂತು ಗಟ್ಟಿಯಾಗಿ ಓದುವಾಗ ಒಂದು ಪದ ತಪ್ಪಿತು, ಐವತ್ತು ಮಕ್ಕಳು ನಕ್ಕರು, ಅಷ್ಟೇ. ಅಂದಿನಿಂದ ಐದು ತಿಂಗಳು ಅವಳು ತರಗತಿಯಲ್ಲಿ ಒಂದಕ್ಷರ ಆಡಲಿಲ್ಲ. ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಿದ್ದಳು. ಪ್ರಗತಿಪತ್ರದಲ್ಲಿ ಟೀಚರು 'ಬಹಳ ಶಾಂತ ಸ್ವಭಾವ' ಎಂದು ಮೆಚ್ಚಿ ಬರೆದ ದಿನ ಬುಗುರಿಯ ಅಮ್ಮ ಶಾಲೆ ಬಿಡಿಸಲು ನಿರ್ಧರಿಸಿದಳು. ಮನೆಯಲ್ಲಿ ಮೂರು ನಿಮಿಷ ಸುಮ್ಮನಿದ್ದರೆ ಜ್ವರ ನೋಡಬೇಕಾಗುವ ಮಗುವಿನ ಬಗ್ಗೆ ಬರೆದ ಮಾತದು.

ಕೆಳಗಿನ ಅಂತಸ್ತಿನಲ್ಲಿ ಅತ್ತೆ ಇದ್ದರು. ಮೂವತ್ತೊಂದು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಸೊಸೆಯ ನಿರ್ಧಾರ ಕೇಳಿ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಿದ್ದರು.

"ಐವತ್ತು ಮಕ್ಕಳನ್ನ ಬರೀ ಹುಬ್ಬಲ್ಲಿ ಕೂರಿಸಿದೋಳು ನಾನು. ನಿನಗಿರೋದು ಒಂದು. ಅದಕ್ಕೊಂದು ಶಾಲೆ, ಅದಕ್ಕೊಂದು ಪಟ್ಟಿ. ಎಷ್ಟು ದಿನ ಅಂತೀಯಮ್ಮ ಈ ಆಟ?"

ಮಾತಿಗೆ ಮಾತು ಜೋಡಿಸುವ ಸೊಸೆಯಾಗಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಬುಗುರಿಯ ಅಮ್ಮ ಮೇಲೆ ಹೋಗಿ, ಒಂದು ಕಾಗದ ತೆಗೆದು, ನಿಗದಿತ ಮಾನದಂಡ ಬರೆದು ತಂದಳು: 'ಎಂಟು ತಿಂಗಳ ಕೊನೆಗೆ ವೇಳಾಪಟ್ಟಿಯು ಶೇಕಡಾ ಎಪ್ಪತ್ತೈದರಷ್ಟಾದರೂ ಪಾಲನೆಯಾಗಿರದಿದ್ದಲ್ಲಿ ಮಗಳನ್ನು ಪುನಃ ಶಾಲೆಗೆ ಸೇರಿಸತಕ್ಕದ್ದು.' ಕೆಳಗೆ ಸಹಿ. ಸಾಕ್ಷಿಯಾಗಿ ಗಂಡನ ಸಹಿ. ಯಾರೂ ಕೇಳದ ಷರತ್ತನ್ನು ತಾನೇ ಬರೆದು ತನ್ನ ಕೊರಳಿಗೆ ತಾನೇ ಕಟ್ಟಿಕೊಂಡಳು. ಅತ್ತೆ ಅದನ್ನು ಓದಿ, ಒಂದು ಅಲ್ಪವಿರಾಮ ಸೇರಿಸಿ, ಮೇಜಿನ ಖಾನೆಯಲ್ಲಿಟ್ಟರು.

ಎಂಟು ತಿಂಗಳು ಮುಗಿದವು. ಪ್ರಯೋಗಾಲಯದ ಪದ್ಧತಿಯಂತೆ ಅವಳು ಪ್ರತಿದಿನದ ತಪ್ಪುಗಳನ್ನು 'ವ್ಯತ್ಯಯಗಳ ಪುಸ್ತಕ'ದಲ್ಲಿ ದಾಖಲಿಸಿದ್ದಳು. ಮಂಗಳವಾರ ಕುಳಿತು ಮೂರು ಸಲ ಲೆಕ್ಕ ಹಾಕಿದಳು. ಮೂರು ಸಲವೂ ಉತ್ತರ ಒಂದೇ: ಶೇಕಡಾ ಹನ್ನೊಂದು ದಶಾಂಶ ನಾಲ್ಕು. ವೇಳಾಪಟ್ಟಿ ಪೂರ್ತಿಯಾಗಿ ಪಾಲನೆಯಾದ ದಿನ ಒಂದೇ ಒಂದಿತ್ತು, ಮತ್ತು ಅಂದು ಮಗಳು ಚಿಕ್ಕಮ್ಮನ ಮನೆಯಲ್ಲಿದ್ದಳು. ವೇಳೆ ಸರಿಹೊಂದುತ್ತದೆಯೇ ಎಂದು ನೋಡಲು ತಾಯಿ ಒಬ್ಬಳೇ ಪ್ರಶ್ನೆ ಕೇಳಿ, ಒಬ್ಬಳೇ ಉತ್ತರ ಹೇಳಿ, ಒಬ್ಬಳೇ ಶಹಬ್ಬಾಸ್ ಅಂದುಕೊಂಡಿದ್ದಳು. ಅದನ್ನೂ ಲೆಕ್ಕದಿಂದ ತೆಗೆದರೆ ಅಂಕಿ ಇನ್ನೂ ಇಳಿಯುತ್ತಿತ್ತು.

ಬುಧವಾರ ಅವಳು ಶಾಲೆಗೆ ಹೋಗಿ ಪ್ರವೇಶದ ಫಾರಂ ತಂದಳು. ವರ್ಷದ ನಡುವೆ ಸೇರುವವರಿಗೆ ಶುಕ್ರವಾರ ಮಧ್ಯಾಹ್ನ ಹನ್ನೆರಡು ಕೊನೆಯ ಗಡುವು.

"ಏನಮ್ಮ ಇದು, ಈ ವಾರ ನಡುವೆ ಸೇರೋರದ್ದೇ ಗಲಾಟೆ," ಎಂದ ಕಿಟಕಿಯ ಗುಮಾಸ್ತ. "ನೀವು ನಾಲ್ಕನೆಯವರು."

ಬುಗುರಿ ಅಂದು ಫಾರಂ ನೋಡಿದಳು. ಏನೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ಏನೂ ಕೇಳಲಿಲ್ಲ. ಉಪ್ಪು ಬೇಕಾದಾಗ ಕೈ ತೋರಿಸಿದಳು. ತಾಯಿ ಆ ಕೈಯನ್ನು ನೋಡಿದಳು; ಗಂಡನೂ ನೋಡಿದ. ಸಹಿ ಹಾಕಿದ ಇಬ್ಬರೂ ಉಪ್ಪಿನ ಡಬ್ಬಿಗೆ ಒಟ್ಟಿಗೇ ಕೈ ಚಾಚಿದರು.

*

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಸಭೆ ಎಂದರೆ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ನಾಲ್ವರು ತಾಯಂದಿರು ಟೈಲರ್ ಅಂಗಡಿಯ ಮಹಡಿಯಲ್ಲಿ ಸೇರಿ ಚಹಾ ಕುಡಿಯುವುದು. ಅಂಗಡಿಯ ಒಡತಿಗೆ ಮೂವರು ಹೆಣ್ಣುಮಕ್ಕಳು; ಬೇಕರಿಯಾಕೆಗೆ ಮೂವರು ಗಂಡುಮಕ್ಕಳು; ಆಸ್ಪತ್ರೆಯ ನರ್ಸಿಗೆ ಅವಳಿಜವಳಿ; ಮತ್ತು ಬುಗುರಿ. ಒಂಬತ್ತೂ ಮಕ್ಕಳನ್ನು ಬಟ್ಟೆಯ ತುಂಡುಗಳು ತುಂಬಿದ ಪಕ್ಕದ ಕೋಣೆಗೆ ಕಳಿಸಿ, ನಡುವಿನ ಬಾಗಿಲನ್ನು ಓರೆ ಮಾಡಿ, ತಾಯಂದಿರು ಕೂರುತ್ತಿದ್ದರು. ಬುಗುರಿ ಮೊದಲ ಎರಡು ತಿಂಗಳು ಆ ಕೋಣೆಗೂ ಹೋಗದೆ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕುಳಿತಿದ್ದಳು. ಈಚೆಗೆ ಒಳಗೆ ಹೋಗುತ್ತಿದ್ದಳು. ಅಲ್ಲಿ ಅವಳು ಏನು ಮಾಡುತ್ತಾಳೆಂದು ತಾಯಿಗೆ ಗೊತ್ತಿರಲಿಲ್ಲ. ಇಣುಕಿ ನೋಡಿದರೆ ಮತ್ತೆ ಮೆಟ್ಟಿಲಿಗೆ ಬಂದುಬಿಟ್ಟಾಳೆಂಬ ಭಯದಿಂದ ಅವಳು ನೋಡಿರಲೂ ಇಲ್ಲ.

ಆ ಸಭೆಯಲ್ಲಿ ಅವಳ ಹೆಸರು 'ಟೈಮ್‌ಟೇಬಲ್ ಅಕ್ಕ'. ಮೊದಲನೆಯ ವಾರವೇ ಬೇಕರಿಯಾಕೆ, "ನೀವು ಹೇಗೆ ಮಾಡ್ತೀರಿ ಅಕ್ಕ?" ಎಂದು ಕೇಳಿದ್ದಳು. ಹೇಗೆ ಮಾಡಬೇಕೆಂದಿದ್ದೇನೆ ಎಂದು ಹೇಳುವುದರ ಬದಲು ಅವಳು ವೇಳಾಪಟ್ಟಿಯ ಮೂರು ಪ್ರತಿಗಳನ್ನು ಬಣ್ಣ ಸಮೇತ ಮಾಡಿಸಿ ಹಂಚಿದ್ದಳು. ಮೂವರೂ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಿದ್ದರು. ಅಲ್ಲಿಂದಾಚೆಗೆ ಪ್ರತಿ ಗುರುವಾರವೂ "ಹೇಗೆ ನಡೀತಿದೆ?" ಎಂದರೆ "ನಡೀತಿದೆ" ಎಂದೇ ಎಲ್ಲರ ಉತ್ತರ. ತಾನೊಬ್ಬಳೇ ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಪ್ರತಿ ಗುರುವಾರವೂ ಅನ್ನಿಸುತ್ತಿತ್ತು.

ಇಂದು ಹೇಳಬೇಕಾದ ಮಾತನ್ನು ಅವಳು ಬರೆದುಕೊಂಡೇ ಬಂದಿದ್ದಳು. ಹನ್ನೆರಡು ಸಾಲು, ಕೊನೆಯಲ್ಲಿ ಕೃತಜ್ಞತೆ. ಆದರೆ ಚಹಾ ಬಗ್ಗಿಸುವ ಮೊದಲೇ ಬೇಕರಿಯಾಕೆ ಕೈ ಎತ್ತಿದಳು. ಆಕೆ ಬೆಳಗಿನ ಮೂರಕ್ಕೇ ಎದ್ದು ಹಿಟ್ಟು ನಾದುವವಳು. ಮೊಣಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ನಾನು ಮೊದಲು ಹೇಳಿಬಿಡ್ತೀನಿ. ಆಮೇಲಾದ್ರೆ ಅತ್ತುಬಿಡ್ತೀನಿ, ಆಗ ನಿಮಗೇನೂ ಅರ್ಥ ಆಗಲ್ಲ." ಎಂದವಳೇ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಶಾಲೆಯ ಪ್ರವೇಶದ ಫಾರಂ. ಒಂದಲ್ಲ, ಮೂರು, ಪಿನ್ನು ಹಾಕಿದ್ದು. "ನನ್ನ ಕೈಲಿ ಆಗಲ್ಲ. ನನ್ನ ಹುಡುಗರು ನಾಳೆಯಿಂದ ಶಾಲೆಗೆ."

ನರ್ಸ್ ಕೈಯಲ್ಲಿದ್ದ ಖಾಲಿ ಲೋಟ ಕೆಳಗಿಟ್ಟಳು. "ಯಾವಾಗ ತಂದ್ರಿ?"

"ಸೋಮವಾರ."

"ನಾನು ಮಂಗಳವಾರ," ಎಂದು ನರ್ಸ್ ತನ್ನ ಕೈಚೀಲ ತೆರೆದಳು. ಎರಡು ಫಾರಂ, ನೀಟಾಗಿ ಮಡಚಿದ್ದು. "ಸುಮ್ಮನೆ ಇರಲಿ ಅಂತ ತಂದೆ ಅಂದ್ಕೊಂಡಿದ್ದೆ. ತುಂಬಿಸಿದ ಮೇಲೆ ಗೊತ್ತಾಯ್ತು, ಸುಮ್ಮನೆ ಅಲ್ಲ."

ಟೈಲರ್ ಮಾತು ಕಡಿಮೆಯವಳು. ಬಾಯಲ್ಲಿ ಸದಾ ಗುಂಡುಪಿನ್ನು ಇಟ್ಟುಕೊಂಡಿರುತ್ತಿದ್ದುದರಿಂದ ಅದು ಅಭ್ಯಾಸವೋ ಮುನ್ನೆಚ್ಚರಿಕೆಯೋ ಎಂದು ಹೇಳುವುದು ಕಷ್ಟ. ಎದ್ದು ಹೋಗಿ ಹೊಲಿಗೆ ಯಂತ್ರದ ಖಾನೆ ಎಳೆದು, ಅಳತೆಪಟ್ಟಿಯ ಕೆಳಗಿನಿಂದ ಮೂರು ಫಾರಂ ತಂದು ಉಳಿದವುಗಳ ಪಕ್ಕದಲ್ಲಿ ಅಂಚಿಗೆ ಅಂಚು ಸರಿಯಾಗಿ ಇಟ್ಟಳು.

ಆಮೇಲೆ ಮೂವರೂ ಬುಗುರಿಯ ಅಮ್ಮನ ಕಡೆ ತಿರುಗಿದರು.

"ನೀವು ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದಳು ಬೇಕರಿಯಾಕೆ. "ನೀವು ಅಷ್ಟು ಚೆನ್ನಾಗಿ ಬರ್ಕೊಟ್ರಿ. ನಾನು ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಒಲೆ ಪಕ್ಕ ನೇತುಹಾಕಿದೆ. ದಿನಾ ನೋಡ್ತೀನಿ. ಹತ್ತೂಕಾಲಿಗೆ ಅಲ್ಲಿ ಭೂಗೋಳ. ಹತ್ತೂಕಾಲಿಗೆ ನನ್ನ ದೊಡ್ಡೋನು ಅಲಮಾರಿ ಮೇಲೆ, ನಡುವಿನೋನು ಅವನನ್ನ ಇಳಿಸಕ್ಕೆ ಹೋಗಿ ಅವನೂ ಮೇಲೆ, ಚಿಕ್ಕೋನು ಕೆಳಗೆ ನಿಂತು ಇಬ್ಬರಿಗೂ ಬನ್ನು ಎಸೀತಿರ್ತಾನೆ. ಆಗ ನಾನು ಏನಂದ್ಕೋತೀನಿ ಗೊತ್ತಾ? ಈಗ ಟೈಮ್‌ಟೇಬಲ್ ಅಕ್ಕನ ಮನೇಲಿ ಭೂಗೋಳ ನಡೀತಿದೆ ಅಂದ್ಕೋತೀನಿ."

"ನಾನು ಅದನ್ನ ನನ್ನ ಪಾಳಿಗೆ ಹೊಂದಿಸಿ ತಿರುಗಿಸಿ ಬರೆದೆ," ಎಂದಳು ನರ್ಸ್. "ರಾತ್ರಿ ಪಾಳಿ ಮುಗಿಸಿ ಬಂದ ದಿನ ಗಣಿತದ ಪೀರಿಯಡ್ಡಲ್ಲಿ ನಾನೇ ನಿದ್ದೆ ಹೋದೆ. ಎದ್ದು ನೋಡಿದ್ರೆ ಎರಡೂ ಸೇರಿ ನನ್ನ ಕಾಲಿಗೆ ಬ್ಯಾಂಡೇಜು ಸುತ್ತಿವೆ. ಸೊಂಟದವರೆಗೆ. ಕಟ್ಟು ಮಾತ್ರ ಅಚ್ಚುಕಟ್ಟು."

ಟೈಲರ್ ಬಾಯಿಂದ ಪಿನ್ನು ತೆಗೆದಳು. "ನಾನು ಬಟ್ಟೇಲಿ ಹೊಲಿದೆ. ಹತ್ತು ಬಣ್ಣ, ಒಂದೊಂದಕ್ಕೂ ಜೇಬು. ಹದಿನಾಲ್ಕು ದಿನ ಹಿಡೀತು." ಸ್ವಲ್ಪ ತಡೆದು, "ಆ ಹದಿನಾಲ್ಕು ದಿನ ಪಾಠ ಆಗಲಿಲ್ಲ. ಆಮೇಲೂ ಆಗಲಿಲ್ಲ," ಎಂದು ಪಿನ್ನನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಬುಗುರಿಯ ಅಮ್ಮ ತನ್ನ ಹನ್ನೆರಡು ಸಾಲಿನ ಚೀಟಿಯನ್ನು ನೋಡಿದಳು. ಈ ಪರಿಸ್ಥಿತಿಗೆ ಹೊಂದುವ ಸಾಲು ಅದರಲ್ಲಿ ಒಂದೂ ಇರಲಿಲ್ಲ. ಅವಳು ಚೀಲದಿಂದ ತನ್ನ ಫಾರಂ ತೆಗೆದು, ಟೈಲರ್ ಇಟ್ಟ ಸಾಲಿನ ತುದಿಯಲ್ಲಿ ಇಟ್ಟಳು.

ಮೂವರೂ ಅದರ ಮೇಲೆ ಬಗ್ಗಿದರು.

"ಇದು ಯಾರದ್ದು?" ಎಂದಳು ಬೇಕರಿಯಾಕೆ, ಎದುರಿಗೇ ಇಟ್ಟಿದ್ದನ್ನು ನೋಡಿಯೂ.

"ನಂದು."

"ನಿಮ್ಮದ್ಯಾಕೆ? ನಿಮಗೇನಾಗಿದೆ?"

"ಶೇಕಡಾ ಹನ್ನೊಂದು ದಶಾಂಶ ನಾಲ್ಕು."

"ಅಯ್ಯೋ, ಬರೀ ಹನ್ನೊಂದು ತಪ್ಪಿಹೋಗಿದ್ದಕ್ಕೆ ಯಾರಾದ್ರೂ…"

"ತಪ್ಪಿದ್ದಲ್ಲ. ಆಗಿದ್ದು."

ಬೇಕರಿಯಾಕೆ ಕುರ್ಚಿಗೆ ಒರಗಿದಳು. ನಂಬಿಕೆಗೆ ಪೆಟ್ಟು ಬಿದ್ದವರ ಮುಖದಲ್ಲಿ ಸಾಮಾನ್ಯವಾಗಿ ದುಃಖ ಕಾಣುತ್ತದೆ. ಆಕೆಯ ಮುಖದಲ್ಲಿ ನಿಧಾನವಾಗಿ ಹರಡಿದ್ದು ಬೇರೆ ಏನೋ. "ಹಾಗಾದ್ರೆ ಹತ್ತೂಕಾಲಿಗೆ ನಿಮ್ಮ ಮನೇಲಿ ಭೂಗೋಳ ನಡೀತಿರಲಿಲ್ವಾ?"

ಸಾಕ್ಷ್ಯವಿಲ್ಲದೆ ಮಾತಾಡುವುದು ಬುಗುರಿಯ ಅಮ್ಮನ ಜಾಯಮಾನವಲ್ಲ. ವ್ಯತ್ಯಯಗಳ ಪುಸ್ತಕ ಚೀಲದಲ್ಲೇ ಇತ್ತು. ಅವಳು ಕನ್ನಡಕ ಸರಿಪಡಿಸಿಕೊಂಡು ಒಂದು ಪುಟ ತೆರೆದು ವರದಿ ಒಪ್ಪಿಸುವ ಧ್ವನಿಯಲ್ಲಿ ಓದಿದಳು:

"'ಸೋಮವಾರ. ಒಂಬತ್ತೂವರೆ: ಗಣಿತ ಆರಂಭವಾಗಲಿಲ್ಲ. ಕಾರಣ: ವಿದ್ಯಾರ್ಥಿನಿ ಮಂಚದ ಕೆಳಗೆ. ಒಂಬತ್ತು ನಲವತ್ತು: ಸ್ಥಿತಿ ಯಥಾಪ್ರಕಾರ. ಒಂಬತ್ತು ಐವತ್ತು: ವಿದ್ಯಾರ್ಥಿನಿಯನ್ನು ಹೊರತರುವ ಸಲುವಾಗಿ ಶಿಕ್ಷಕಿಯೂ ಮಂಚದ ಕೆಳಗೆ. ಹತ್ತೂವರೆ: ಇಬ್ಬರೂ ಮಂಚದ ಕೆಳಗೆ. ಜೇಡಕ್ಕೆ ಕಣ್ಣೆಷ್ಟು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ. ಹತ್ತು ಐವತ್ತೈದು: ಬಾಗಿಲು ಬಡಿದ ಶಬ್ದ. ಶಿಕ್ಷಕಿ ಎದ್ದು ನಿಲ್ಲಲು ಪ್ರಯತ್ನಿಸಿ ತಲೆಗೆ ಪೆಟ್ಟು. ಉಳಿದ ಅವಧಿಗಳು ರದ್ದು.'"

ನರ್ಸ್ ಮೊದಲು ನಕ್ಕಳು. ಮೂಗಿನಿಂದ ಬಂದ ಒಂದೇ ಒಂದು ಸದ್ದು. ಅದು ಬೇಕರಿಯಾಕೆಗೆ ಹತ್ತಿಕೊಂಡಿತು. ಟೈಲರ್ ಅವಸರದಿಂದ ಬಾಯಿಯ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡು, ನಂತರ ನಕ್ಕಳು. "ಇನ್ನೊಂದು ಓದಿ," ಎಂದಳು, ಸಭೆ ಶುರುವಾದ ಐದು ತಿಂಗಳಲ್ಲಿ ಆಕೆ ತಾನಾಗಿ ಕೇಳಿದ ಮೊದಲ ಬೇಡಿಕೆ.

ಅವಳು ಓದಿದಳು. ಪರಿವರ್ತನಾವಧಿಯು ಐದು ನಿಮಿಷದಿಂದ ಎರಡು ಗಂಟೆ ಹತ್ತು ನಿಮಿಷಕ್ಕೆ ವಿಸ್ತರಿಸಿದ ಬುಧವಾರ. ಶಿಕ್ಷಕಿಯು ವಿದ್ಯಾರ್ಥಿನಿಯ ವರ್ತನೆಯ ಕುರಿತು ಪೋಷಕರಿಗೆ ದೂರುಪತ್ರ ಬರೆದು, ಪೋಷಕಿಯಾಗಿ ಅದನ್ನು ತಾನೇ ಸ್ವೀಕರಿಸಿ, 'ಗಮನಿಸಲಾಗಿದೆ' ಎಂದು ಸಹಿ ಹಾಕಿದ ಶುಕ್ರವಾರ. ಓದುತ್ತ ಓದುತ್ತ ಅವಳ ಧ್ವನಿಯೂ ನಡುಗತೊಡಗಿತು. ಎಂಟು ತಿಂಗಳು ಶ್ರದ್ಧೆಯಿಂದ ದುಃಖಿಸಿ ಬರೆದ ಪುಸ್ತಕ ಇಷ್ಟು ತಮಾಷೆಯಾಗಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಕೊನೆಗೆ ನಾಲ್ವರೂ ಉಸಿರಿಗಾಗಿ ಮೇಜನ್ನು ಹಿಡಿದುಕೊಂಡರು.

ನಗು ನಿಂತ ಆ ಗಳಿಗೆಯಲ್ಲಿ ಪಕ್ಕದ ಕೋಣೆಯಿಂದ ಒಂದು ಧ್ವನಿ ಕೇಳಿಸಿತು. ಕಟ್ಟುನಿಟ್ಟಾದ, ಗಟ್ಟಿಯಾದ ಧ್ವನಿ.

"ಈಗ ಪರಿವರ್ತನಾವಧಿ. ಐದು ನಿಮಿಷ. ಎಲ್ಲರೂ ಪರಿವರ್ತನೆ ಆಗಿ."

"ಏನಾಗ್ಬೇಕು?" ಬೇಕರಿಯಾಕೆಯ ಚಿಕ್ಕವನ ದನಿ.

"ಏನಾದ್ರೂ ಆಗು. ಬೇಗ ಆಗು."

"ಕುದುರೆ ಆಗ್ಲಾ?"

"ಆಗು. ಐದೇ ನಿಮಿಷ. ಆಮೇಲೆ ಓದಕ್ಕೆ ವಾಪಸ್ ಮನುಷ್ಯ ಆಗ್ಬೇಕು."

ಕುದುರೆಗಳ ಓಡಾಟ, ಒಂದು ಕುರ್ಚಿ ಬಿದ್ದ ಸದ್ದು, ಯಾರೋ ಯಾರಿಗೋ ಕಚ್ಚಿದ ತಕರಾರು. ಐದು ನಿಮಿಷ ಆಗುವ ಮೊದಲೇ ಚಪ್ಪಾಳೆ. ಆಮೇಲೆ ಬುಗುರಿ ಓದತೊಡಗಿದಳು. ಕಾಡಿನಲ್ಲಿ ದಾರಿ ತಪ್ಪಿದ ಒಂದು ಆಮೆಯ ಕಥೆ. ಎಂಟು ಮಕ್ಕಳ ಎದುರು, ಗಟ್ಟಿಯಾಗಿ. ಮೂರನೆಯ ಸಾಲಿನಲ್ಲಿ ಒಂದು ಪದ ಎಡವಿತು. ಯಾರೋ ಒಬ್ಬ ಕಿಸಕ್ಕನೆ ನಕ್ಕ.

ಈಚೆ ಕೋಣೆಯಲ್ಲಿ ತಾಯಿ ಕುರ್ಚಿಯಿಂದ ಅರ್ಧ ಎದ್ದಳು.

"ನಗೋದು ಮೂರೂವರೆಗೆ," ಎಂದಿತು ಬುಗುರಿಯ ಧ್ವನಿ. "ಈಗ ಅಲ್ಲ." ಪದವನ್ನು ಸರಿಯಾಗಿ ಇನ್ನೊಮ್ಮೆ ಓದಿ, ಅವಳು ಮುಂದಕ್ಕೆ ಹೋದಳು. ಆಮೆಯೂ ಮುಂದಕ್ಕೆ ಹೋಯಿತು.

ಬೇಕರಿಯಾಕೆ ಮೆಲ್ಲಗೆ ಹೇಳಿದಳು, "ಎರಡು ಮೂರು ವಾರದಿಂದ ಹೀಗೇ ಅಂತೆ ಅಕ್ಕ. ನಮ್ಮೋನು ಮನೇಲೂ ಹೇಳ್ತಾನೆ, ಬುಗುರಿ ಟೀಚರು ಬೈತಾರೆ ಅಂತ. ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ."

ಇದನ್ನು ಬರೆದಿಡಲು ಬುಗುರಿಯ ಅಮ್ಮ ಗಡಿಯಾರ ನೋಡಬೇಕಾಗಿತ್ತು; ನೋಡಲು ಮರೆತಳು. ಮೂಗೊರೆಸಿಕೊಂಡು, ಮೇಜಿನ ಮೇಲಿದ್ದ ಒಂಬತ್ತು ಫಾರಂಗಳನ್ನು ದಿಟ್ಟಿಸಿದಳು. ನಂತರ ಪ್ರಯೋಗಾಲಯದಲ್ಲಿ ಏಳು ವರ್ಷ ಕಲಿತದ್ದು ತಾನಾಗಿಯೇ ಬಾಯಿಗೆ ಬಂತು.

"ಒಂದು ಬಾಟಲಿ ನೀರು ಕೆಟ್ಟಿದೆ ಅಂತ ಬಂದ್ರೆ, ನೀರು ಕೆಟ್ಟಿದೆ ಅಂತ ಬರೀತೀವಿ. ನಾಲ್ಕು ಬೀದಿಯಿಂದ ತಂದ ಒಂಬತ್ತೂ ಬಾಟಲಿ ಒಂದೇ ಥರ ಕೆಟ್ಟಿದೆ ಅಂತ ಬಂದ್ರೆ ಹಾಗೆ ಬರೆಯೋ ಹಾಗಿಲ್ಲ."

"ಏನು ಬರೀತೀರಿ?" ಎಂದಳು ಟೈಲರ್.

"ಮೀಟರ್ ಕೆಟ್ಟಿದೆ ಅಂತ."

"ಹೌದಲ್ವಾ," ಎಂದಳು ನರ್ಸ್. "ವಾರ್ಡಿನೋರಿಗೆಲ್ಲ ಜ್ವರ ನೂರ ಆರು ಅಂತ ತೋರಿಸಿದ್ರೆ ನಾನು ಎಲ್ಲರಿಗೂ ಸೂಜಿ ಚುಚ್ಚಲ್ಲ. ಥರ್ಮಾಮೀಟರ್ ಬಿಸಾಡ್ತೀನಿ."

"ಅಂದ್ರೆ ನಾನು ಸರಿಯಾಗೇ ಇದ್ದೆ?" ಎಂದಳು ಬೇಕರಿಯಾಕೆ.

"ಸರಿಯಾಗಿದ್ರಿ ಅಂತ ಗೊತ್ತಿಲ್ಲ. ಅಳೆದಿಲ್ಲ ಅಂತಷ್ಟೇ ಗೊತ್ತು."

"ನನಗೆ ಅಷ್ಟು ಸಾಕು," ಎಂದು ಬೇಕರಿಯಾಕೆ ತನ್ನ ಮೂರು ಫಾರಂ ಎತ್ತಿಕೊಂಡು, ಹಿಂಬದಿ ಖಾಲಿಯಿದೆಯೇ ಎಂದು ನೋಡಿದಳು. ಹಿಟ್ಟಿನ ಲೆಕ್ಕ ಬರೆಯಲು ಬರುತ್ತಿತ್ತು. ಟೈಲರ್ ಗೋಡೆಯ ಮೇಲಿನ ಹತ್ತು ಜೇಬಿನ ಬಟ್ಟೆಯನ್ನು ಕೆಳಗಿಳಿಸಿ ಹೊಲಿಗೆ ಬಿಚ್ಚತೊಡಗಿದಳು. "ಬಟ್ಟೆ ಒಳ್ಳೇದು," ಎಂದಳು. "ನಾಲ್ಕು ಚೀಲ ಆಗತ್ತೆ."

ಮೂವರು ತಾಯಂದಿರ ಸಮಸ್ಯೆ ಹಾಗೆ ಅಲ್ಲೇ ಬಗೆಹರಿಯಿತು. ಆದರೆ ಅವರಲ್ಲಿ ಯಾರೂ ಸಹಿ ಹಾಕಿ ಕೊಟ್ಟಿರಲಿಲ್ಲ.

*

ಸಂಜೆ ಅವಳು ಕೆಳಗಿನ ಮನೆಗೆ ಹೋದಳು. ಸಾಕ್ಷಿಯೆಂಬ ಕಾರಣಕ್ಕೆ ಗಂಡನೂ ಹಿಂದೆಯೇ ಬಂದು ಬಾಗಿಲ ಬಳಿ ನಿಂತ. ಹೆಂಡತಿಯೂ ಅಮ್ಮನೂ ಒಂದೇ ಕಟ್ಟಡದಲ್ಲಿರುವ ಲಿಫ್ಟ್ ರಿಪೇರಿಯವನಿಗೆ ಬಾಗಿಲ ಬಳಿ ನಿಲ್ಲುವುದರ ಬೆಲೆ ಗೊತ್ತಿರುತ್ತದೆ.

ಅತ್ತೆ ಕೆಂಪು ಪೆನ್ನು ಹಿಡಿದು ಮೇಜಿನ ಮುಂದೆ ಕುಳಿತಿದ್ದರು. "ತಾ ಫಾರಂ. ತಪ್ಪಿದ್ರೆ ಈಗಲೇ ತಿದ್ದಿಬಿಡ್ತೀನಿ. ನಾಳೆ ಕಿಟಕಿ ಮುಂದೆ ನಿಂತು ತಿದ್ದೋದು ಚಂದ ಅಲ್ಲ."

"ಫಾರಂ ಕೊಡಲ್ಲ ಅತ್ತೆ."

"ಅಂದ್ರೆ ಎಪ್ಪತ್ತೈದು ಆಯ್ತಾ?"

"ಹನ್ನೊಂದಾಯ್ತು."

ಬಾಗಿಲ ಬಳಿ ಸಾಕ್ಷಿ ಕೆಮ್ಮಿದ. ಅವಳು ನಿಂತಲ್ಲೇ ಎಲ್ಲವನ್ನೂ ಕ್ರಮವಾಗಿ ವಿವರಿಸಿದಳು: ನಾಲ್ಕು ಮನೆ, ಒಂಬತ್ತು ಮಕ್ಕಳು, ಒಂದೇ ಫಲಿತಾಂಶ, ಕೆಟ್ಟ ಮೀಟರು. ಷರತ್ತು ಬರೆದವಳು ತಾನೇ. ಆದ್ದರಿಂದ ಷರತ್ತು ತಪ್ಪೆಂದು ಹೇಳುವ ಹೊಣೆಯೂ ತನ್ನದೇ. ಆಮೇಲೆ ಪಕ್ಕದ ಕೋಣೆಯಲ್ಲಿ ಕೇಳಿದ್ದನ್ನೂ ಹೇಳಿದಳು. ಆ ಭಾಗವನ್ನು ಕ್ರಮವಾಗಿ ಹೇಳಲಾಗಲಿಲ್ಲ.

"ಒಟ್ಟಿನಲ್ಲಿ ನೀನು ಫೇಲು," ಎಂದರು ಅತ್ತೆ.

"ನಾನಲ್ಲ ಅತ್ತೆ, ಪರೀಕ್ಷೆ ಫೇಲು."

"ಮೂವತ್ತೊಂದು ವರ್ಷದಲ್ಲಿ ಈ ಮಾತು ನನಗೆ ಸಾವಿರ ಮಕ್ಕಳು ಹೇಳಿದಾರೆ." ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. ತುಸು ಹೊತ್ತು ಛಾವಣಿಯ ಕಡೆ ನೋಡಿದರು. ಮೇಲೆ ಬುಗುರಿ ಸುತ್ತುತ್ತಿರುವ ಸದ್ದು. "ಆ ಪಟ್ಟೀಲಿ ಹತ್ತು ಬಣ್ಣ. ನಾನು ಎಣಿಸಿದೀನಿ. ಅದರಲ್ಲಿ ಅಜ್ಜಿ ಯಾವ ಬಣ್ಣ?"

ಸೊಸೆ ಮನಸ್ಸಿನಲ್ಲೇ ಹತ್ತೂ ಬಣ್ಣಗಳನ್ನು ಎಣಿಸಿದಳು.

"ಎಂಟು ತಿಂಗಳಿಂದ ನನ್ನ ತಲೆ ಮೇಲೆ ಒಂದು ಶಾಲೆ ನಡೀತಿದೆ. ಕುರ್ಚಿ ಎಳೆದಿದ್ದು ಕೇಳತ್ತೆ, ಮಗ್ಗಿ ತಪ್ಪಿದ್ದು ಕೇಳತ್ತೆ. ಏಳೆಂಟಲ ಐವತ್ನಾಲ್ಕು ಅಂತ ಕೂಗಿದ್ಲು ಮೊನ್ನೆ. ನಾನು ಇಲ್ಲಿ ಕೂತು ಐವತ್ತಾರು ಐವತ್ತಾರು ಅಂತ ಗೋಡೆಗೆ ಹೇಳಿದೆ. ಯಾರಾದ್ರೂ ಒಂದು ದಿನ, ಅತ್ತೆ ಬನ್ನಿ ಅಂದ್ರಾ?"

"ನೀವು ವಿರೋಧ ಮಾಡಿದ್ರಲ್ಲ, ಅದಕ್ಕೇ…"

"ವಿರೋಧ ಮಾಡಿದೋರನ್ನ ಕರೀಬಾರದು ಅಂತ ಎಲ್ಲಿದೆ?"

ಅಂಥ ನಿಯಮ ಎಲ್ಲಿಯೂ ಇಲ್ಲವೆಂದು ಬುಗುರಿಯ ಅಮ್ಮ ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ತನ್ನ ದಾಖಲೆಗಳಲ್ಲಿ ಮೊದಲ ದಿನದಿಂದಲೂ ಇದ್ದ ಅತಿ ದೊಡ್ಡ ವ್ಯತ್ಯಯ ಇದೇ ಇರಬೇಕೆಂದು ಅವಳಿಗೆ ಆಗ ಹೊಳೆಯಿತು. ಅತ್ತೆ ಖಾನೆ ಎಳೆದು ಷರತ್ತಿನ ಕಾಗದ ತೆಗೆದು, ಸೊಸೆಯ ಕೈಗೆ ಕೊಟ್ಟರು.

"ನೀನು ಬರೆದಿದ್ದು, ನೀನೇ ಹರಿ. ಗಣಿತ ನನಗೆ. ನಾಳೆ ಹತ್ತಕ್ಕೆ. ಆದ್ರೆ ಒಂದು ಹೇಳ್ತೀನಿ, ನನ್ನ ಕ್ಲಾಸಲ್ಲಿ ನೀನು ಬಾಗಿಲ ಹತ್ರ ನಿಂತು ಏನೂ ಬರ್ಕೊಳ್ಳೋ ಹಾಗಿಲ್ಲ."

*

ಶುಕ್ರವಾರ ಹತ್ತಕ್ಕೆ ಒಂದು ನಿಮಿಷ ಇರುವಾಗ ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಮೂವತ್ತೊಂದು ವರ್ಷದ ಕೈಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬುಗುರಿಯ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಬುಗುರಿಯ ಅಮ್ಮ ಕೊಟ್ಟ ಮಾತಿನಂತೆ ಬಾಗಿಲ ಹತ್ತಿರ ನಿಲ್ಲದೆ ಅಡುಗೆಮನೆಯಲ್ಲಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಒಳಗಿನಿಂದ ಮೊದಲು ಸ್ಪಷ್ಟವಾದ ಒಂದು ಧ್ವನಿ ಕೇಳಿಸಿತು. ನಂತರ ಎರಡು ಧ್ವನಿ. ನಂತರ ಏನೋ ಉರುಳಿದ ಸದ್ದು, ನಗು, "ಹಾಗಲ್ಲ ಅಜ್ಜಿ, ಕಾಲು ಮಡಚಬೇಕು," "ಇಳಿಯೇ, ಮೊದಲು ಇಳಿ," ಮತ್ತೆ ನಗು. ಹನ್ನೆರಡು ಹೊಡೆದದ್ದು ಯಾರ ಗಮನಕ್ಕೂ ಬರಲಿಲ್ಲ.

ಹನ್ನೆರಡೂಕಾಲಿಗೆ ಅತ್ತೆ ಹೊರಬಂದರು. ಕೂದಲ ಗಂಟು ಒಂದು ಕಿವಿಯ ಮೇಲಕ್ಕೆ ಸರಿದಿತ್ತು. ಹುಬ್ಬು ಎರಡೂ ಇದ್ದಲ್ಲೇ ಇದ್ದರೂ ಅವುಗಳಲ್ಲಿ ಮೊದಲಿನ ಅಧಿಕಾರ ಕಾಣಲಿಲ್ಲ. ಅವರು ಊಟದ ಮೇಜಿನ ಮುಂದೆ ಕುಳಿತು ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಕುಡಿದರು.

"ಎಷ್ಟು ಆಯ್ತು ಅತ್ತೆ?"

"ಒಂದೂವರೆ ಲೆಕ್ಕ." ಲೋಟವನ್ನು ಮುಂದೆ ತಳ್ಳಿದರು; ಸೊಸೆ ಮತ್ತೆ ತುಂಬಿಸಿದಳು. "ಅವಳು ಯಾವಾಗ್ಲೂ ಹೀಗೇನಾ?"

"ಹೌದು ಅತ್ತೆ."

"ದಿನಾ?"

"ಶನಿವಾರ ಸ್ವಲ್ಪ ಜಾಸ್ತಿ."

ಅತ್ತೆ ಎರಡನೆಯ ಲೋಟವನ್ನು ನಿಧಾನವಾಗಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಒಳಗೆ ಬುಗುರಿ, ಅಜ್ಜಿಯ ಅರ್ಧಕ್ಕೆ ನಿಂತ ಲೆಕ್ಕವನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಡುತ್ತಿದ್ದಳು.

"ಆ ಟೈಲರ್ ಅಂಗಡೀಲಿ ಸೇರ್ತೀರಲ್ಲ, ಗುರುವಾರ," ಎಂದರು ಅತ್ತೆ, ಕಿಟಕಿಯ ಕಡೆ ನೋಡುತ್ತ. "ಅಲ್ಲಿಗೆ ಅಜ್ಜಿಯರು ಬರಬಹುದಾ?"